ಉಪ್ಪು ತಿಂದ ಗಾಡಿ

ಡುಲೂತಿನ ಬೀದಿಗಳು ಕೆರೆಗೆ ಇಳಿಯುವುದಿಲ್ಲ,
ಧುಮುಕುತ್ತವೆ.
ಕೆರೆ ಅಂದೆ. ಆಚೆ ದಡವೇ ಕಾಣದ ಆ ನೀರಿಗೆ
ನನ್ನ ಬಾಯಲ್ಲಿ ಬೇರೆ ಹೆಸರು ಬರುವುದಿಲ್ಲ.
ಇಂಥ ಊರಿನಲ್ಲಿ, ಮೊನ್ನೆ ಗುರುವಾರ,
ಬ್ರೇಕಿನ ಪೆಡಲು
ಬಿಸಿ ಮುದ್ದೆಯ ಹಾಗೆ ಮೆತ್ತಗೆ ಕೆಳಗಿಳಿಯಿತು.

ತೊಂಬತ್ತನಾಲ್ಕರ ಫೋರ್ಡು. ಬಣ್ಣ, ಒಂದು ಕಾಲಕ್ಕೆ ಹಸಿರು.
ಎರಡು ಲಕ್ಷ ಮೈಲಿ; ಅದರ ಮೇಲೆ ಎಷ್ಟೆಂದು
ಮೀಟರು ನಿಂತ ದಿನದಿಂದ ಯಾರಿಗೂ ಗೊತ್ತಿಲ್ಲ.
ಮೂವತ್ತು ಚಳಿಗಾಲ ರಸ್ತೆಗೆ ಸುರಿದ ಉಪ್ಪನ್ನು
ಹೊಟ್ಟೆಯಡಿಯಿಂದ ತಿಂದಿದೆ.
ಅಂಗಾತ ಮಲಗಿ ನೋಡಿದರೆ
ಕಬ್ಬಿಣ ಚಿರೋಟಿಯಂತೆ ಪದರ ಪದರ,
ಮುಟ್ಟಿದರೆ ಕಣ್ಣಿಗೇ ಉದುರುತ್ತದೆ.

ಗ್ಯಾರೇಜಿನವನು ಕೇಳಿದ್ದು ಸಾವಿರದ ನೂರು ಡಾಲರು.
"ಗಾಡಿಗೆ ಕೊಟ್ಟದ್ದೇ ಒಂಬೈನೂರು" ಅಂದೆ.
ಅವನು ನಕ್ಕ. ನಾನು ನಗಲಿಲ್ಲ.
ತಾಮ್ರ ಬೆರೆಸಿದ ಪೈಪಿನ ಸುರುಳಿಯೊಂದನ್ನು ತೋಳಿಗೆ ಹಾಕಿಕೊಂಡು
ಬಳೆ ಕೊಂಡವಳಂತೆ ಮನೆಗೆ ಬಂದೆ.

ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ.
ಮೊದಲ ದಿನವೇ ಒಂದು ನಟ್ಟಿನ ಮೂಲೆ ಸವೆಸಿದೆ,
ಬೆರಳ ಗೆಣ್ಣು ಸುಲಿದುಕೊಂಡೆ,
ಹಳೆಯ ಪೈಪು ಕೈಯಲ್ಲೇ ಮುರಿದು ಬಂದಾಗ
ಅಮ್ಮನೆದುರು ಎಂದೂ ಆಡದ ಮಾತೊಂದನ್ನು
ಅಚ್ಚ ಹಾಸನದ ಉಚ್ಚಾರದಲ್ಲಿ ಆಡಿದೆ.
ಬೇಲಿಯಾಚೆಯಿಂದ ಲೊರೇನ್ ಸ್ಕಾರ್:
"ಅದರ ಅರ್ಥ ನನಗೆ ಗೊತ್ತು."

ಎಪ್ಪತ್ತೆಂಟರ ಲೊರೇನ್, ಮೂವತ್ತೆರಡು ವರ್ಷ
ಇದೇ ಇಳಿಜಾರುಗಳಲ್ಲಿ ಶಾಲೆಯ ಬಸ್ಸು ಓಡಿಸಿದವಳು,
ಮನೆಯ ಚಪ್ಪಲಿಯಲ್ಲೇ ಬಂದು
ಕೇಳದೆ ಕೇಳಿಸದೆ ಸ್ಟಿಯರಿಂಗಿನ ಹಿಂದೆ ಏರಿ ಕೂತಳು.
"ಬ್ರೇಕಿನ ಗಾಳಿ ತೆಗೆಯಲು ಇಬ್ಬರು ಬೇಕು, ಹುಡುಗಿ."

ಚಕ್ರದ ಹಿಂದೆ ನಾನು. ತಿರುಪಿಗೆ ಪಾರದರ್ಶಕ ಕೊಳವೆ,
ಕೊಳವೆಯ ತುದಿ ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ.
ಒತ್ತು. ಒತ್ತಿದೆ.
ಹಿಡಿ. ಹಿಡಿದಿದ್ದೇನೆ.
ಕಾಲು ಸುತ್ತು ಸಡಿಲ.
ಗುಳ್ಳೆ.

ಎದೆ ಧಸಕ್ಕೆಂದಿತು.
ಹದಿನಾಲ್ಕು ವರ್ಷದಿಂದ ಡಯಾಲಿಸಿಸ್ ವಾರ್ಡಿನಲ್ಲಿ
ಪಾರದರ್ಶಕ ಕೊಳವೆ ನೋಡುವುದಕ್ಕೇ ನನಗೆ ಸಂಬಳ.
ಅಲ್ಲಿ ಒಂದು ಗುಳ್ಳೆ ಕಂಡರೆ
ಯಂತ್ರ ಕಿರುಚಬೇಕು, ನಾನು ಓಡಬೇಕು.
ಇಲ್ಲಿ ಬರಲಿ, ಇನ್ನೂ ಬರಲಿ.
ಕೈಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ
ಮೂರು ಚಕ್ರ ಮುಗಿದಿತ್ತು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತೇವೆ.
ನನ್ನ ವಾರ್ಡಿನವರು ಕುಡಿಯುವಂತಿಲ್ಲ.
ದಿನಕ್ಕೆ ನಾಲ್ಕು ಲೋಟ, ಅದೂ ಸೂಪು ಸೇರಿ.
ಮಂಗಳವಾರ, ಐದನೇ ಕುರ್ಚಿಯ ಮನುಷ್ಯ
ಒಂದೇ ಒಂದು ಐಸಿನ ಚೂರನ್ನು
ಕರಗಗೊಡದೆ ಚೀಪುತ್ತಾನೆ,
ಕಿಟಕಿಯಾಚೆ ಹರಡಿದ ಅಷ್ಟೂ ಸಿಹಿನೀರನ್ನು ನೋಡುತ್ತ.
ಅವನಿಗೆ ಈ ಗಾದೆ ಹೇಳಿಲ್ಲ.

ಪೆಡಲು ಒತ್ತುತ್ತ ಲೊರೇನ್ ಶುರುಮಾಡುತ್ತಾಳೆ:
ಎಂಬತ್ತೊಂದರ ಫೆಬ್ರವರಿ, ನಲವತ್ತು ಮಕ್ಕಳು, ಬ್ರೇಕಿಲ್ಲ.
"ಆಮೇಲೆ?"
"ಬಿಗಿ ಮಾಡಿದೆಯಾ?"
"ಮಾಡಿದೆ. ಆಮೇಲೆ?"
"ಆಮೇಲೇನು, ಯಾರದೋ ಅಂಗಳದ ಹಿಮದ ಗುಡ್ಡೆಗೆ ನುಗ್ಗಿಸಿದೆ.
ಮಕ್ಕಳು ಚಪ್ಪಾಳೆ ತಟ್ಟಿದರು.
ನಾನು ಎರಡು ದಿನ ಮಾತಾಡಲಿಲ್ಲ. ಒತ್ತಲಾ?"

ಕೊನೆಯ ಚಕ್ರ. ಜೇನಿನ ಬಣ್ಣದ ಎಣ್ಣೆ,
ಗುಳ್ಳೆಯ ಸುಳಿವಿಲ್ಲ.
"ಕಲ್ಲು" ಅಂದಳು ಮೇಲಿನಿಂದ, "ಪೆಡಲು ಈಗ ಕಲ್ಲು."
ಕೈ ಒರೆಸಿಕೊಂಡು ಎದ್ದೆ.
ಅವಳು ಇಳಿಯಲಿಲ್ಲ.
ಲೈಸೆನ್ಸು ಮುಗಿದು ವರ್ಷವಾಯಿತೆಂದು
ನನಗೂ ಗೊತ್ತು, ಅವಳಿಗೂ ಗೊತ್ತು,
ಕೀಲಿಕೈಗಾಗಿ ಅಂಗೈ ಚಾಚಿದಳು.

ಪಕ್ಕದ ಸೀಟಿಗೆ ಹತ್ತಿದೆ.
ಬೀದಿಯ ತಿರುವಿನಲ್ಲಿ ಗಾಜಿನ ತುಂಬ ನೀರು.
ನಿಲ್ಲಬೇಕಾದಲ್ಲೆಲ್ಲ ಗಾಡಿ ನಿಂತಿತು,
ಒಮ್ಮೆ ಒಂದು ಅಳಿಲಿಗಾಗಿಯೂ.
ಇಳಿಜಾರಿನುದ್ದಕ್ಕೂ ನನ್ನ ಬಲಗಾಲು ಮಾತ್ರ
ಪೆಡಲೇ ಇಲ್ಲದ ಜಾಗವನ್ನು
ಒತ್ತುತ್ತಲೇ ಇತ್ತು.